15,97,668: ಒಂದು ದೊಡ್ಡ ಸಂಖ್ಯೆಯ ಗುಣ, ವರ್ಗ ಮತ್ತು ತಾಳೆ

(ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಅಧ್ಯಯನ ಪಾಠ)

2011ರ ಜನಗಣತಿಯ ಪ್ರಕಾರ ಹಾವೇರಿ ಜಿಲ್ಲೆಯ ಜನಸಂಖ್ಯೆ 15,97,668. ಇವರಲ್ಲಿ ಪುರುಷರು 8,19,128, ಮಹಿಳೆಯರು 7,78,540. ಈ ಎಣಿಕೆಯು 2011ರ ಮಾರ್ಚ್ 1ರ ಶೂನ್ಯ ಗಂಟೆಯ ಸ್ಥಿತಿಯನ್ನು ಸೂಚಿಸುತ್ತದೆ. ಅಂದಿನಿಂದ ವರದಿ, ಕೈಪಿಡಿ, ಯೋಜನಾ ಪುಸ್ತಕಗಳಲ್ಲಿ ಇದೇ ಸಂಖ್ಯೆ ಮುದ್ರಣಗೊಳ್ಳುತ್ತಾ ಬಂದಿದೆ. ಇದನ್ನು ಕಂಡವರು ಅನೇಕರು. ನಿಂತು ಓದಿದವರು ವಿರಳ. ಏಳು ಅಂಕಿಗಳ ಸಂಖ್ಯೆಯೊಂದು ಎದುರಾದಾಗ ಕಣ್ಣು ಮೊದಲ ಎರಡು ಅಂಕಿಗಳನ್ನು ಹಿಡಿದು ‘ಸುಮಾರು ಹದಿನಾರು ಲಕ್ಷ’ ಎಂದು ಮುಂದೆ ಸಾಗುವುದು ಸಹಜ.

ಜನಸಂಖ್ಯೆಯ ವಿಷಯದಲ್ಲಿ ಈ ರೂಢಿಯಿಂದ ಹೆಚ್ಚಿನ ಹಾನಿಯಿಲ್ಲ. ಆದರೆ ಪಂಚಾಯತಿಯ ಕಡತಗಳಲ್ಲಿರುವ ದೊಡ್ಡ ಸಂಖ್ಯೆಗಳೆಲ್ಲ ಒಂದೇ ಜಾತಿಯವಲ್ಲ. ಕೆಲವು ಪರಿಮಾಣವನ್ನು ಹೇಳುತ್ತವೆ: ಜನಸಂಖ್ಯೆ, ಅನುದಾನ, ಕರದ ಬೇಡಿಕೆ, ವಸೂಲಿ, ಬಾಕಿ. ಮತ್ತೆ ಕೆಲವು ಅಂಕಿಗಳಲ್ಲಿ ಬರೆದ ಹೆಸರುಗಳು ಮಾತ್ರ: ಆಧಾರ್, ಬ್ಯಾಂಕ್ ಖಾತೆ, ಸರ್ವೆ ನಂಬರ್, ವಿದ್ಯುತ್ ಮೀಟರಿನ ಆರ್‌ಆರ್ ನಂಬರ್. ಪರಿಮಾಣದಲ್ಲಿ ಕೊನೆಯ ಅಂಕಿ ತಪ್ಪಿದರೆ ವ್ಯತ್ಯಾಸ ಅಲ್ಪ, ಮೊದಲ ಅಂಕಿ ತಪ್ಪಿದರೆ ಅಪಾರ. ಹೆಸರಿನಲ್ಲಿ ಮೊದಲ ಅಂಕಿಗೂ ಕೊನೆಯ ಅಂಕಿಗೂ ತೂಕ ಒಂದೇ. ಯಾವುದು ತಪ್ಪಿದರೂ ಅದು ಬೇರೊಬ್ಬರ ಹೆಸರು. ಸಂಖ್ಯೆಗಳ ಗುಣ ಮತ್ತು ವರ್ಗಗಳ ಪರಿಚಯವಿದ್ದರೆ ಈ ಎರಡೂ ಬಗೆಯ ತಪ್ಪುಗಳನ್ನು ಹಿಡಿಯುವುದು ಸುಲಭವಾಗುತ್ತದೆ. ಜಿಲ್ಲೆಯ ಸಂಖ್ಯೆಯಿಂದಲೇ ಆರಂಭಿಸುವುದು ಯುಕ್ತ.

ಸಂಖ್ಯೆಯ ಒಳರಚನೆ

15,97,668ರ ಕೊನೆಯ ಅಂಕಿ 8. ಆದುದರಿಂದ ಅದು ಸಮ ಸಂಖ್ಯೆ. ಕೊನೆಯ ಎರಡು ಅಂಕಿಗಳಾದ 68ನ್ನು 4 ಶೇಷವಿಲ್ಲದೆ ಭಾಗಿಸುವುದರಿಂದ ಪೂರ್ಣ ಸಂಖ್ಯೆಯನ್ನೂ 4 ಭಾಗಿಸುತ್ತದೆ. ಕೊನೆಯ ಮೂರು ಅಂಕಿಗಳಾದ 668ನ್ನು 8ರಿಂದ ಭಾಗಿಸಿದರೆ 4 ಉಳಿಯುತ್ತದೆ. ಆದಕಾರಣ 8ರಿಂದ ಭಾಗವಾಗದು. ಅಂಕಿಗಳನ್ನು ಕೂಡಿದರೆ 1+5+9+7+6+6+8 = 42. ಇದನ್ನು 3 ಭಾಗಿಸುತ್ತದೆ, 9 ಭಾಗಿಸುವುದಿಲ್ಲ. ಮೂಲ ಸಂಖ್ಯೆಯ ಸ್ಥಿತಿಯೂ ಹಾಗೆಯೇ. 7ರಿಂದ ಭಾಗಿಸಿದರೆ 2 ಶೇಷ. 2011ರಲ್ಲಿ ಜಿಲ್ಲೆಯಲ್ಲಿದ್ದ ಏಳು ತಾಲ್ಲೂಕುಗಳಿಗೆ ಈ ಜನರನ್ನು ಸರಿಸಮನಾಗಿ ಹಂಚಲು ಹೊರಟಿದ್ದರೆ ಇಬ್ಬರು ಯಾವ ತಾಲ್ಲೂಕಿಗೂ ಸೇರದೆ ಉಳಿಯುತ್ತಿದ್ದರು.

4 ಮತ್ತು 3ನ್ನು ತೆಗೆದ ಮೇಲೆ 1,33,139 ಉಳಿಯುತ್ತದೆ. ಇಲ್ಲಿಂದ ಮುಂದಿನ ದಾರಿ ಅಷ್ಟು ಸಲೀಸಲ್ಲ. 5, 7, 11, 13, 17, 19, 23 ಇವುಗಳಲ್ಲಿ ಒಂದೂ ಅದನ್ನು ಭಾಗಿಸದು. 29 ಭಾಗಿಸುತ್ತದೆ, ಭಾಗಲಬ್ಧ 4,591. ಈ 4,591 ಮತ್ತೆ ಒಡೆಯುತ್ತದೆಯೇ ಎಂದು ತಿಳಿಯಲು ಅದಕ್ಕಿಂತ ಚಿಕ್ಕದಾದ ಎಲ್ಲ ಸಂಖ್ಯೆಗಳಿಂದಲೂ ಭಾಗಿಸಬೇಕಾಗಿಲ್ಲ. 67ರವರೆಗಿನ 19 ಅವಿಭಾಜ್ಯ ಸಂಖ್ಯೆಗಳಿಂದ ಭಾಗಿಸಿ ನೋಡಿದರೆ ಸಾಕು, ಏಕೆಂದರೆ ಅದರ ಮುಂದಿನ ಅವಿಭಾಜ್ಯ ಸಂಖ್ಯೆಯಾದ 71ರ ವರ್ಗ 5,041, ಅದು 4,591ನ್ನು ಮೀರುತ್ತದೆ. ಹಾಗೆ ಪರೀಕ್ಷಿಸಿದಾಗ 4,591 ಅವಿಭಾಜ್ಯವೆಂದು ಸಿದ್ಧವಾಗುತ್ತದೆ. ಅಂದರೆ

15,97,668 = 2 × 2 × 3 × 29 × 4,591

ಯಾರು ಯಾವ ಕ್ರಮದಲ್ಲಿ ಒಡೆದರೂ ಕೊನೆಗೆ ದೊರೆಯುವ ಅವಿಭಾಜ್ಯಗಳು ಇವೇ. ಪ್ರತಿಯೊಂದು ಸಂಯುಕ್ತ ಸಂಖ್ಯೆಗೂ ಇಂತಹ ಒಂದೇ ಒಂದು ಒಡೆತವಿರುತ್ತದೆ ಎಂಬುದು ಅಂಕಗಣಿತದ ಮೂಲ ಪ್ರಮೇಯ. ಈ ಒಡೆತದಿಂದ ಉಳಿದ ವರ್ಗೀಕರಣಗಳೆಲ್ಲ ಹೊರಬರುತ್ತವೆ. ಸಂಖ್ಯೆಗೆ ಒಟ್ಟು 24 ಭಾಜಕಗಳಿವೆ. ಅದು ಪೂರ್ಣ ವರ್ಗವಲ್ಲ. 8ರಲ್ಲಿ ಮುಗಿಯುವ ಯಾವ ಸಂಖ್ಯೆಯೂ ಪೂರ್ಣ ವರ್ಗವಾಗಲಾರದು. ಆದರೆ ಇನ್ನು 28 ಜನ ಹೆಚ್ಚಿದ್ದಿದ್ದರೆ ಅದು 1,264ರ ವರ್ಗವಾಗುತ್ತಿತ್ತು. ಅದೇ ಸಂಖ್ಯೆಯನ್ನು ಬಿಟ್ಟು ಉಳಿದ 23 ಭಾಜಕಗಳನ್ನು ಕೂಡಿದರೆ 22,59,612 ಬರುತ್ತದೆ. ಈ ಮೊತ್ತ ಮೂಲ ಸಂಖ್ಯೆಗಿಂತ ಹೆಚ್ಚಾದರೆ ಅದನ್ನು ಸಮೃದ್ಧ ಸಂಖ್ಯೆಯೆಂದೂ, ಕಡಿಮೆಯಾದರೆ ನ್ಯೂನ ಸಂಖ್ಯೆಯೆಂದೂ, ಸಮವಾದರೆ ಪರಿಪೂರ್ಣ ಸಂಖ್ಯೆಯೆಂದೂ ಪ್ರಾಚೀನ ಗ್ರೀಕರು ವಿಂಗಡಿಸಿದರು. 6, 28, 496, 8,128 ಇವು ಮೊದಲ ನಾಲ್ಕು ಪರಿಪೂರ್ಣ ಸಂಖ್ಯೆಗಳು. ಹಾವೇರಿಯ ಸಂಖ್ಯೆ ಸಮೃದ್ಧ ವರ್ಗಕ್ಕೆ ಸೇರುತ್ತದೆ.

ಈ ಹೆಸರಿಗೂ ಜಿಲ್ಲೆಯ ಸಮೃದ್ಧಿಗೂ ಸಂಬಂಧವಿಲ್ಲವೆಂದು ಪ್ರತ್ಯೇಕವಾಗಿ ಹೇಳಬೇಕಾದ ಪರಿಸ್ಥಿತಿ ಇದೆ. ವಾಹನಕ್ಕೆ ಇಂತಹದೇ ಸಂಖ್ಯೆ ಬೇಕೆಂದು ಹಣ ತೆರುವವರು ಪಂಚಾಯತಿಗಳಲ್ಲಿಯೂ ಉಂಟು. ಆ ರಾತ್ರಿ ಜಿಲ್ಲೆಯ ಯಾವುದೋ ಊರಿನಲ್ಲಿ ಶೂನ್ಯ ಗಂಟೆಗೆ ಮುನ್ನ ಇನ್ನೊಂದು ಮಗು ಹುಟ್ಟಿದ್ದರೆ ಸಂಖ್ಯೆ 15,97,669 ಆಗುತ್ತಿತ್ತು; ಸಮ ಹೋಗಿ ಬೆಸ, 3ರಿಂದಾಗಲಿ 4ರಿಂದಾಗಲಿ ಭಾಗವಾಗದು, ಒಡೆತವೆಲ್ಲ ಬೇರೆ. ಜಿಲ್ಲೆಯಾದರೋ ಹಾಗೆಯೇ ಇರುತ್ತಿತ್ತು. ಸಂಖ್ಯೆಯ ಗುಣ ಸಂಖ್ಯೆಗೆ ಸೇರಿದ್ದು, ಎಣಿಸಿದ ವಸ್ತುವಿಗೆ ಸೇರಿದ್ದಲ್ಲ. ಒಂದೇ ಒಂದರ ವ್ಯತ್ಯಾಸಕ್ಕೆ ಪೂರ್ಣವಾಗಿ ಬದಲಾಗಿಬಿಡುವ ಈ ಸೂಕ್ಷ್ಮತೆಯೇ ತಪ್ಪು ಹಿಡಿಯುವ ಸಾಧನವಾಗಿ ಒದಗುತ್ತದೆ.

ಒಂಬತ್ತರ ತಾಳೆ, ಹನ್ನೊಂದರ ತಾಳೆ

10ನ್ನು 9ರಿಂದ ಭಾಗಿಸಿದರೆ 1 ಉಳಿಯುತ್ತದೆ. 100, 1,000, 10,000 ಇವುಗಳಲ್ಲಿಯೂ ಉಳಿಯುವುದು 1 ಮಾತ್ರ. ಆದುದರಿಂದ ಯಾವುದೇ ಸಂಖ್ಯೆಯನ್ನು 9ರಿಂದ ಭಾಗಿಸಿದಾಗ ಉಳಿಯುವ ಶೇಷವೂ ಅದರ ಅಂಕಿಗಳ ಮೊತ್ತವನ್ನು 9ರಿಂದ ಭಾಗಿಸಿದಾಗ ಉಳಿಯುವ ಶೇಷವೂ ಒಂದೇ. ಜನಗಣತಿಯ ಅಂಕಿಗಳ ಮೇಲೆ ಇದನ್ನು ಪ್ರಯೋಗಿಸಬಹುದು. ಪುರುಷರ ಸಂಖ್ಯೆಯ ಅಂಕಿಗಳ ಮೊತ್ತ 29, ಮತ್ತೆ ಕೂಡಿದರೆ 11, ಮತ್ತೆ ಕೂಡಿದರೆ 2. ಮಹಿಳೆಯರ ಸಂಖ್ಯೆಯ ಅಂಕಿಗಳ ಮೊತ್ತ 31, ಮತ್ತೆ ಕೂಡಿದರೆ 4. ಎರಡೂ ಸೇರಿ 6. ಒಟ್ಟು ಸಂಖ್ಯೆಯ ಅಂಕಿಗಳ ಮೊತ್ತ 42, ಮತ್ತೆ ಕೂಡಿದರೆ 6. ತಾಳೆಯಾಯಿತು. ಕ್ಯಾಲ್ಕ್ಯುಲೇಟರ್ ಇಲ್ಲದೆ, ಸಭೆಯಲ್ಲಿ ಕುಳಿತಲ್ಲಿಯೇ, ದೊಡ್ಡ ಕೂಡುಲೆಕ್ಕವೊಂದನ್ನು ಹೀಗೆ ಪರೀಕ್ಷಿಸಬಹುದು.

ಈ ತಾಳೆಗೆ ಒಂದು ಕುರುಡು ಮೂಲೆಯಿದೆ. ಬೆರಳಚ್ಚಿನಲ್ಲಿ 9 ಮತ್ತು 7 ಅದಲುಬದಲಾಗಿ 15,79,668 ಎಂದು ಮುದ್ರಣವಾಯಿತೆಂದು ಭಾವಿಸಬಹುದು. 18,000 ಜನ ಕಾಣೆಯಾದರು. ಅದು ಮೂರು ಗ್ರಾಮ ಪಂಚಾಯತಿಗಳ ಜನಸಂಖ್ಯೆಗೆ ಸಮ. ಆದರೆ ಅಂಕಿಗಳು ಅವೇ ಆದುದರಿಂದ ಮೊತ್ತ ಈಗಲೂ 42. ಒಂಬತ್ತರ ತಾಳೆ ಇದನ್ನು ಕಾಣಲಾರದು.

ಹನ್ನೊಂದು ಕಾಣುತ್ತದೆ. 10 ಎಂಬುದು 11ಕ್ಕೆ ಒಂದು ಕಡಿಮೆ, 100 ಎಂಬುದು 99ಕ್ಕೆ ಒಂದು ಹೆಚ್ಚು, 1,000 ಎಂಬುದು 1,001ಕ್ಕೆ ಒಂದು ಕಡಿಮೆ. 99 ಮತ್ತು 1,001 ಎರಡೂ 11ರಿಂದ ಭಾಗವಾಗುವಂಥವು. ಹೀಗೆ ಸ್ಥಾನಗಳು ಒಂದು ಬಿಟ್ಟು ಒಂದು ಹೆಚ್ಚು ಕಡಿಮೆಯಾಗುವುದರಿಂದ, ಬಲಗಡೆಯಿಂದ ಅಂಕಿಗಳನ್ನು ಒಮ್ಮೆ ಕೂಡಿ ಒಮ್ಮೆ ಕಳೆಯುತ್ತಾ ಹೋಗಬೇಕು. 8−6+6−7+9−5+1 = 6. ಅದಲುಬದಲಾದ ಸಂಖ್ಯೆಯಲ್ಲಿ 8−6+6−9+7−5+1 = 2. ತಪ್ಪು ಬಯಲಾಯಿತು. ಒಂಬತ್ತು ಅಂಕಿಗಳನ್ನು ಮಾತ್ರ ನೋಡುತ್ತದೆ. ಹನ್ನೊಂದು ಅವು ಕುಳಿತ ಸ್ಥಾನವನ್ನೂ ನೋಡುತ್ತದೆ. ಎರಡು ತಾಳೆಗಳನ್ನೂ ಒಟ್ಟಿಗೆ ಮಾಡಿದರೆ ತಪ್ಪಿ ಉಳಿಯುವ ಅವಕಾಶ ಬಹಳ ಕಡಿಮೆ.

ಸಂಖ್ಯೆಗಳ ಇಂತಹ ಗುಣಗಳಲ್ಲಿ ಕನ್ನಡ ನೆಲಕ್ಕೆ ಹಳೆಯ ಆಸಕ್ತಿಯಿದೆ. ರಾಷ್ಟ್ರಕೂಟ ಅರಸ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಏಕ, ದಶ, ಶತದಿಂದ ಮೊದಲ್ಗೊಂಡು ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಆತ ಹೆಸರು ಕೊಟ್ಟಿದ್ದಾನೆ. ಒಂದರಿಂದ ಆರಕ್ಕೆ ಏರಿ ಮತ್ತೆ ಕ್ರಮವಾಗಿ ಇಳಿಯುವ 12345654321 ಎಂಬ ಸಂಖ್ಯೆ ಆತನ ಗುಣಾಕಾರದ ಉದಾಹರಣೆಗಳಲ್ಲಿ ಬರುತ್ತದೆ. ಈಗಿನ ರೀತಿಯಲ್ಲಿ ಓದುವುದಾದರೆ ಅದು 1,234 ಕೋಟಿ 56 ಲಕ್ಷ 54 ಸಾವಿರದ 321. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗುವ ಇಂತಹ ಗುಣಲಬ್ಧಗಳನ್ನು ಆತ ಕೊರಳಿನ ಕಂಠಿಕೆಗೆ ಹೋಲಿಸುತ್ತಾನೆ. ಏಲಕ್ಕಿ ಹಾರಕ್ಕೆ ಹೆಸರಾದ ಹಾವೇರಿಯ ಓದುಗರಿಗೆ ಈ ಹೋಲಿಕೆಯನ್ನು ವಿವರಿಸಬೇಕಾಗಿಲ್ಲ.

ಮೇಲಿನ ಎರಡು ತಾಳೆಗಳನ್ನು ಈ ಹಾರಕ್ಕೂ ಹಚ್ಚಬಹುದು. ಅಂಕಿಗಳ ಮೊತ್ತ 36. ಆದುದರಿಂದ 9 ಅದನ್ನು ಭಾಗಿಸುತ್ತದೆ. ಒಮ್ಮೆ ಕೂಡಿ ಒಮ್ಮೆ ಕಳೆದರೆ 1−2+3−4+5−6+5−4+3−2+1 = 0; ಆದುದರಿಂದ 11 ಸಹ ಭಾಗಿಸುತ್ತದೆ. ಈ ಸಂಖ್ಯೆ 1,11,111ರ ವರ್ಗ. 1,11,111 ಎಂಬುದು 3 × 7 × 11 × 13 × 37. ಹೀಗಾಗಿ ಹಾರದಲ್ಲಿ ಈ ಐದು ಅವಿಭಾಜ್ಯಗಳೂ ಎರಡೆರಡು ಸಲ ಬರುತ್ತವೆ, ಭಾಜಕಗಳ ಸಂಖ್ಯೆ 243 ಆಗುತ್ತದೆ. 15,97,668ರ ಒಡೆತದಲ್ಲಿ ಇಂತಹ ಅಂದವಿಲ್ಲ. ಅದನ್ನು ಯಾರೂ ಕಟ್ಟಲಿಲ್ಲ, ಎಣಿಸಿದರು. ಎಣಿಕೆಯಿಂದ ಬಂದ ಸಂಖ್ಯೆಗಳು ಸಾಮಾನ್ಯವಾಗಿ ಹೀಗೆಯೇ ಒರಟಾಗಿರುತ್ತವೆ. ಒಂದು ಊರಿನ ಎಣಿಕೆ, ಒಂದು ಕಾಮಗಾರಿಯ ಅಳತೆ ಇವೆಲ್ಲ ಸೊನ್ನೆಗಳಲ್ಲಿಯೇ ಮುಗಿಯುತ್ತಿದ್ದರೆ ಅಲ್ಲಿ ಎಣಿಕೆ ಅಥವಾ ಅಳತೆ ನಡೆದಿದೆಯೇ ಎಂದು ಸದಸ್ಯರು ವಿಚಾರಿಸುವುದು ತಪ್ಪಾಗದು.

ನಗದು ಪುಸ್ತಕದಲ್ಲಿ

ಪಂಚತಂತ್ರ ತಂತ್ರಾಂಶವು ಕೂಡುವುದರಲ್ಲಿ ತಪ್ಪುವುದಿಲ್ಲ. ಆದರೆ ವೋಚರಿನಿಂದ ಪರದೆಗೆ ಅಂಕಿಗಳನ್ನು ಸಾಗಿಸುವುದು ಮನುಷ್ಯರ ಬೆರಳು. ತಿಂಗಳ ಕೊನೆಯಲ್ಲಿ ನಗದು ಪುಸ್ತಕಕ್ಕೂ ಬ್ಯಾಂಕ್ ಪಾಸ್ ಪುಸ್ತಕಕ್ಕೂ ವ್ಯತ್ಯಾಸ ಬಂದಾಗ ಎಲ್ಲ ವೋಚರುಗಳನ್ನು ಮೊದಲಿನಿಂದ ತಿರುವಿಹಾಕುವ ಮುನ್ನ ಆ ವ್ಯತ್ಯಾಸವನ್ನೇ ಓದಬೇಕು.

ವ್ಯತ್ಯಾಸ 900 ರೂಪಾಯಿ ಎಂದಿಟ್ಟುಕೊಳ್ಳಬಹುದು. ಅದನ್ನು 9 ಭಾಗಿಸುತ್ತದೆ, ಭಾಗಲಬ್ಧ 100. ಅಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾದಾಗ ಉಂಟಾಗುವ ವ್ಯತ್ಯಾಸವನ್ನು 9 ಯಾವಾಗಲೂ ಭಾಗಿಸುತ್ತದೆ. ಒಂಬತ್ತರ ತಾಳೆ ಅದಲುಬದಲನ್ನು ಕಾಣದಿರಲು ಯಾವುದು ಕಾರಣವೋ ಇದಕ್ಕೂ ಅದೇ ಕಾರಣ. ಭಾಗಲಬ್ಧದ ಎರಡು ಸೊನ್ನೆಗಳು ತಪ್ಪು ನೂರರ ಮತ್ತು ಸಾವಿರದ ಸ್ಥಾನಗಳಲ್ಲಿದೆ ಎಂಬುದನ್ನೂ, 1 ಎಂಬುದು ಆ ಎರಡು ಅಂಕಿಗಳ ನಡುವಿನ ಅಂತರವನ್ನೂ ತಿಳಿಸುತ್ತವೆ. ಈಗ ಹುಡುಕಬೇಕಾದದ್ದು ನೂರು ಮತ್ತು ಸಾವಿರದ ಸ್ಥಾನದ ಅಂಕಿಗಳು ಒಂದರಿಂದ ಮಾತ್ರ ಭಿನ್ನವಾಗಿರುವ ವೋಚರನ್ನು. 47,650 ಎಂಬುದು 46,750 ಎಂದು ದಾಖಲಾಗಿರುವುದು ಅಲ್ಲಿ ಸಿಗುತ್ತದೆ. ವ್ಯತ್ಯಾಸ 45,000 ಆದರೆ ಭಾಗಲಬ್ಧ 5,000. ಸಾವಿರ ಮತ್ತು ಹತ್ತು ಸಾವಿರದ ಸ್ಥಾನ, ಅಂತರ 5. ಅದು 83,250ರ ಬದಲು 38,250 ಆಗಿರಬಹುದು.

ಸೊನ್ನೆಯೊಂದು ಬಿಟ್ಟುಹೋದಾಗಲೂ ವ್ಯತ್ಯಾಸವನ್ನು 9 ಭಾಗಿಸುತ್ತದೆ. 4,500 ಎಂಬುದು 450 ಆದರೆ ವ್ಯತ್ಯಾಸ 4,050, ಭಾಗಲಬ್ಧ 450. ಅಂದರೆ ತಪ್ಪಾಗಿ ನಮೂದಾದ ಮೊತ್ತವೇ ಭಾಗಲಬ್ಧವಾಗಿ ಎದುರಿಗೆ ಬರುತ್ತದೆ. ವ್ಯತ್ಯಾಸವು 3,000 ಅಥವಾ 300ರಂತೆ ಒಂದು ಅಂಕಿ ಮತ್ತು ಸೊನ್ನೆಗಳಿಂದ ಕೂಡಿದ್ದು 9ರಿಂದ ಭಾಗವಾಗದಿದ್ದರೆ ಒಂದೇ ಅಂಕಿಯನ್ನು ತಪ್ಪಾಗಿ ಓದಿರುವ ಸಂಭವ ಹೆಚ್ಚು. ಹಳೆಯ ಕರ ವಸೂಲಿ ವಹಿಗಳಲ್ಲಿ ಅವಸರದಿಂದ ಬರೆದ ಕನ್ನಡದ ೬ ಮತ್ತು ೯ ಒಂದನ್ನೊಂದು ಹೋಲುತ್ತವೆ. ಅವುಗಳ ಅಂತರ 3. ಜಮೆಯನ್ನು ಖರ್ಚಿನ ಕಡೆಗೆ ಬರೆದಿದ್ದರೆ ವ್ಯತ್ಯಾಸವು ಆ ಮೊತ್ತದ ಎರಡರಷ್ಟಾಗಿರುತ್ತದೆ.

ಇವು ಸುಳಿವುಗಳೇ ಹೊರತು ಸಾಕ್ಷ್ಯವಲ್ಲ. ಯಾವುದೇ ಕಾರಣದಿಂದ ಬಂದ ವ್ಯತ್ಯಾಸವೂ ಒಂಬತ್ತರಲ್ಲಿ ಒಂದು ಸಲ ಆಕಸ್ಮಿಕವಾಗಿ 9ರಿಂದ ಭಾಗವಾಗುತ್ತದೆ. ವ್ಯತ್ಯಾಸವನ್ನು 9 ಭಾಗಿಸಿತೆಂಬ ಕಾರಣಕ್ಕೆ ‘ಬೆರಳಚ್ಚಿನ ತಪ್ಪು’ ಎಂದು ಷರಾ ಬರೆದು ಕಡತ ಮುಗಿಸುವುದು ಸರಿಯಲ್ಲ, ವೋಚರು ಸಿಗಬೇಕು.

ಹೆಸರಾಗಿರುವ ಸಂಖ್ಯೆ

ಹಾನಗಲ್ಲಿನ ಪ್ರದೇಶವನ್ನು ಹಳೆಯ ಶಾಸನಗಳು ‘ಪಾನುಂಗಲ್ಲು 500’ ಎಂದೂ ಬನವಾಸಿಯ ನಾಡನ್ನು ‘ಬನವಾಸಿ 12,000’ ಎಂದೂ ಕರೆಯುತ್ತವೆ. ಈ ಸಂಖ್ಯೆಗಳು ಮೊದಲು ಏನನ್ನು ಎಣಿಸಿದವು, ಹಳ್ಳಿಗಳನ್ನೋ ಆದಾಯವನ್ನೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಎಣಿಕೆ ಮರೆತುಹೋಗಿ ಸಂಖ್ಯೆ ಹೆಸರಿನ ಭಾಗವಾಗಿ ಉಳಿಯಿತು.

ಇಂದಿನ ಪಿನ್ ಕೋಡ್ ಆರಂಭದಿಂದಲೇ ಹೆಸರು. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ಪದ್ಧತಿಯಲ್ಲಿ ರಾಣೆಬೆನ್ನೂರಿಗೆ 581115, ಹಾವೇರಿಗೆ 581110, ಬ್ಯಾಡಗಿಗೆ 581106. ಮೊದಲ ಅಂಕಿ ವಲಯವನ್ನು ಸೂಚಿಸುತ್ತದೆ, ಮೊದಲ ಮೂರು ಅಂಕಿಗಳು ಅಂಚೆ ವಿಂಗಡಣೆಯ ಜಿಲ್ಲೆಯನ್ನು. ರಾಣೆಬೆನ್ನೂರಿನ ಪಿನ್ ಹಾವೇರಿಯದಕ್ಕಿಂತ 5 ಹೆಚ್ಚು ಎಂಬ ಮಾತಿಗೆ ಅರ್ಥವಿಲ್ಲ. ಸರ್ವೆ ನಂಬರ್ 112/3ರಲ್ಲಿ ಇರುವ ಓರೆ ಗೆರೆ ಭಾಗಾಕಾರವಲ್ಲ, ಹಿಸ್ಸೆಯ ಗುರುತು. ಬ್ಯಾಡಗಿ ಮಾರುಕಟ್ಟೆಯಲ್ಲಿ ಹಂಗಾಮಿನ ದಿನ ಲಕ್ಷಕ್ಕೂ ಮಿಕ್ಕಿ ಮೆಣಸಿನಕಾಯಿ ಚೀಲಗಳು ಬಂದಾಗ ಆ ಲಕ್ಷ ಪರಿಮಾಣ; ಆದರೆ ರಾಶಿಗೆ ಅಂಟಿಸಿದ ಲಾಟ್ ನಂಬರ್ ಹೆಸರು. ದೊಡ್ಡ ಲಾಟ್ ನಂಬರಿನ ಮೆಣಸಿನಕಾಯಿಗೆ ಯಾರೂ ಹೆಚ್ಚು ದರ ಕೇಳುವುದಿಲ್ಲ. ಒಂದು ಸಂಖ್ಯೆಯನ್ನು ಇನ್ನೊಂದಕ್ಕೆ ಕೂಡುವುದರಲ್ಲಿ ಅರ್ಥವಿದೆಯೇ ಎಂದು ಕೇಳಿಕೊಂಡರೆ ಅದು ಯಾವ ಜಾತಿಗೆ ಸೇರಿದ್ದೆಂದು ತಿಳಿಯುತ್ತದೆ.

ಹೆಸರುಗಳಲ್ಲಿನ ತಪ್ಪು ಯಾವ ಲೆಕ್ಕದಲ್ಲಿಯೂ ಕಾಣಿಸಿಕೊಳ್ಳದು. ಉದ್ಯೋಗ ಖಾತರಿಯಲ್ಲಿ ದುಡಿದ ಮಹಿಳೆಯೊಬ್ಬರ ಖಾತೆ ಸಂಖ್ಯೆಯಲ್ಲಿ 38 ಇರಬೇಕಾದ ಕಡೆ 83 ಆಗಿದೆ ಎಂದು ಭಾವಿಸಬಹುದು. ಹಾಜರಿ ಸರಿ, ಅಳತೆ ಸರಿ, ಮೊತ್ತ ಸರಿ. ಒಟ್ಟು ಲೆಕ್ಕವೂ ತಾಳೆಯಾಗುತ್ತದೆ. ಅಂತಹ ಖಾತೆ ಇಲ್ಲದಿದ್ದರೆ ಹಣ ಮರಳುತ್ತದೆ. ಇದ್ದರೆ ಬೇರೊಬ್ಬರಿಗೆ ಸೇರುವ ಅಪಾಯವಿದೆ. ಎರಡೂ ಸಂದರ್ಭದಲ್ಲಿ ಬಿಸಿಲಲ್ಲಿ ಮಣ್ಣು ಹೊತ್ತ ವ್ಯಕ್ತಿ ಕಚೇರಿಯ ಬಾಗಿಲಿಗೆ ಅಲೆಯಬೇಕಾಗುತ್ತದೆ, ದಾಖಲೆಗಳೆಲ್ಲ ‘ಪಾವತಿಗೆ ಕಳುಹಿಸಲಾಗಿದೆ’ ಎಂದು ಹೇಳುತ್ತಿರುತ್ತವೆ.

ಈ ಕಷ್ಟವನ್ನು ಮೊದಲೇ ಊಹಿಸಿ ಕೆಲವು ಸಂಖ್ಯೆಗಳ ಒಳಗೇ ತಾಳೆಯನ್ನು ಹೊಲಿದಿಡಲಾಗಿದೆ. ಆಧಾರ್‌ನಲ್ಲಿ 12 ಅಂಕಿಗಳಿವೆ. ಮೊದಲ ಅಂಕಿ 0 ಅಥವಾ 1 ಆಗಿರುವುದಿಲ್ಲ. ಕಾನೂನಿನ ಪ್ರಕಾರ ಅದು ಯಾದೃಚ್ಛಿಕ ಸಂಖ್ಯೆ. ಊರು, ವಯಸ್ಸು, ಜಾತಿ ಯಾವುದರ ಗುರುತೂ ಅದರಲ್ಲಿಲ್ಲ. ಹನ್ನೊಂದು ಅಂಕಿಗಳನ್ನು ಹೀಗೆ ಆರಿಸಿದ ಮೇಲೆ ಹನ್ನೆರಡನೆಯದು ಅವುಗಳಿಂದ ಲೆಕ್ಕಹಾಕಿ ತೆಗೆದ ತಾಳೆ ಅಂಕಿ. ಹನ್ನೊಂದರ ಶೇಷವನ್ನೇ ತಾಳೆ ಅಂಕಿಯಾಗಿ ಇಡಬಹುದಿತ್ತಲ್ಲವೇ ಎಂಬ ಪ್ರಶ್ನೆ ಸಹಜ. ಆದರೆ 11ರಿಂದ ಭಾಗಿಸಿದಾಗ ಶೇಷ 10 ಸಹ ಬರಬಹುದು, ಅದನ್ನು ಒಂದೇ ಅಂಕಿಯಲ್ಲಿ ಬರೆಯಲಾಗದು. ಪುಸ್ತಕಗಳ ಹಳೆಯ ಹತ್ತು ಅಂಕಿಗಳ ಐಎಸ್‌ಬಿಎನ್ ಸಂಖ್ಯೆಯ ಕೊನೆಯಲ್ಲಿ ಕೆಲವೊಮ್ಮೆ ಇಂಗ್ಲಿಷಿನ ‘ಎಕ್ಸ್’ ಅಕ್ಷರ ಕಾಣುವುದು ಇದೇ ಕಾರಣದಿಂದ.

ನೆದರ್ಲೆಂಡಿನ ಗಣಿತಜ್ಞ ಯಾಕೋಬಸ್ ವೆರ್ಹೂಫ್ 1969ರಲ್ಲಿ ಇದಕ್ಕೊಂದು ಪರಿಹಾರ ಪ್ರಕಟಿಸಿದರು. ಆಧಾರ್ ಬಳಸುವುದು ಅದನ್ನೇ. ರಟ್ಟಿನಿಂದ ಕತ್ತರಿಸಿದ ಐದು ಸಮಬಾಹುಗಳ ತುಂಡೊಂದನ್ನು ಅದರದೇ ಅಚ್ಚಿನಲ್ಲಿ ಹತ್ತು ರೀತಿಯಲ್ಲಿ ಕೂರಿಸಬಹುದು: ತಿರುಗಿಸುವುದರಿಂದ ಐದು, ಮಗುಚಿ ಹಾಕಿ ತಿರುಗಿಸುವುದರಿಂದ ಇನ್ನೈದು. 0ಯಿಂದ 9ರವರೆಗಿನ ಒಂದೊಂದು ಅಂಕಿಯೂ ಒಂದೊಂದು ಭಂಗಿ. ಎರಡು ಅಂಕಿಗಳನ್ನು ‘ಕೂಡುವುದು’ ಎಂದರೆ ಒಂದರ ನಂತರ ಇನ್ನೊಂದು ಚಲನೆಯನ್ನು ಮಾಡುವುದು. ಸಾಮಾನ್ಯ ಕೂಡುವಿಕೆಯಲ್ಲಿ 3+8 ಮತ್ತು 8+3 ಒಂದೇ. ಇಲ್ಲಿ ಮೊದಲು ತಿರುಗಿಸಿ ಆಮೇಲೆ ಮಗುಚುವುದಕ್ಕೂ ಮೊದಲು ಮಗುಚಿ ಆಮೇಲೆ ತಿರುಗಿಸುವುದಕ್ಕೂ ಫಲ ಬೇರೆ. ಸ್ಥಾನದಿಂದ ಸ್ಥಾನಕ್ಕೆ ಅಂಕಿಗಳನ್ನು ಇನ್ನೊಂದು ಕ್ರಮದಲ್ಲಿ ಬದಲಿಸುವ ನಿಯಮವೂ ಇದಕ್ಕೆ ಸೇರುತ್ತದೆ. ಇದರಿಂದಾಗಿ ಒಂದು ಅಂಕಿ ತಪ್ಪಿದರೂ, ಅಕ್ಕಪಕ್ಕದ ಎರಡು ಬೇರೆ ಬೇರೆ ಅಂಕಿಗಳು ಅದಲುಬದಲಾದರೂ ತಾಳೆ ತಪ್ಪದೆ ಮುರಿಯುತ್ತದೆ. ತಂತ್ರಾಂಶವು ಸಂಖ್ಯೆಯನ್ನು ತಿರಸ್ಕರಿಸುತ್ತದೆ.

ತಾಳೆ ಅಂಕಿಯ ಭರವಸೆ ಇಲ್ಲಿಗೇ ಮುಗಿಯುತ್ತದೆ. ಮನಸ್ಸಿಗೆ ಬಂದಂತೆ ಹನ್ನೆರಡು ಅಂಕಿಗಳನ್ನು ಒತ್ತಿದರೆ ಹತ್ತರಲ್ಲಿ ಒಂದು ಸಲ ತಾಳೆ ಕೂಡಿಬರುತ್ತದೆ. ಪಕ್ಕದ ಸಾಲಿನ ಫಲಾನುಭವಿಯ ಆಧಾರನ್ನು ಈ ಸಾಲಿಗೆ ಅಂಟಿಸಿದರೂ ತಂತ್ರಾಂಶದ ತಾಳೆಗೆ ಅದು ಸರಿಯಾದ ಸಂಖ್ಯೆಯೇ. ಸಂಖ್ಯೆ ಸರಿಯಾಗಿದೆ ಎಂಬುದು ಬೇರೆ, ಅದು ಇವರದೇ ಎಂಬುದು ಬೇರೆ. ಬ್ಯಾಂಕ್ ಖಾತೆ ಸಂಖ್ಯೆಯ ವಿಷಯದಲ್ಲಿ ಇಷ್ಟು ರಕ್ಷಣೆಯನ್ನೂ ನೆಚ್ಚಿಕೊಳ್ಳಲಾಗದು. ಬ್ಯಾಂಕಿನಿಂದ ಬ್ಯಾಂಕಿಗೆ ಅಂಕಿಗಳ ಸಂಖ್ಯೆಯೇ ಬೇರೆ. ಐಎಫ್‌ಎಸ್‌ಸಿ ಸಂಕೇತದ 11 ಸ್ಥಾನಗಳಲ್ಲಿ ಐದನೆಯದು ಯಾವಾಗಲೂ ಸೊನ್ನೆ; ಅಲ್ಲಿ ಇಂಗ್ಲಿಷಿನ ‘ಓ’ ಅಕ್ಷರವನ್ನು ಬರೆಯುವುದು ಸಾಮಾನ್ಯ ತಪ್ಪು.

ಆದುದರಿಂದ ಪಟ್ಟಿ ಮಂಜೂರಾತಿಗೆ ಬರುವ ಮುನ್ನ ಒಬ್ಬರು ಪಾಸ್ ಪುಸ್ತಕದಿಂದ ಓದಿ ಇನ್ನೊಬ್ಬರು ಪರದೆಯಲ್ಲಿ ನೋಡುವ ಹಳೆಯ ಕ್ರಮವೇ ಉತ್ತಮ. ಓದುವಾಗ ‘ಮೂವತ್ತೆಂಟು ಸಾವಿರ’ ಎನ್ನದೆ ‘ಮೂರು, ಎಂಟು’ ಎಂದು ಒಂದೊಂದೇ ಅಂಕಿಯನ್ನು, ನಾಲ್ಕು ನಾಲ್ಕರ ಗುಂಪಿನಲ್ಲಿ ಓದಬೇಕು. ಹೆಸರನ್ನು ಪರಿಮಾಣದಂತೆ ಓದಿದಾಗಲೇ ಅಂಕಿಗಳು ಜಾರುತ್ತವೆ. ಕೊನೆಗೆ ಖಾತೆದಾರರ ಹೆಸರನ್ನೂ ಓದಬೇಕು.

ಈ ಪಾಠದಲ್ಲಿ ಹನ್ನೆರಡು ಅಂಕಿಗಳ ಉದಾಹರಣೆಯೊಂದನ್ನೂ ಕೊಟ್ಟಿಲ್ಲದಿರುವುದನ್ನು ಸದಸ್ಯರು ಗಮನಿಸಿರಬಹುದು. ಆಧಾರ್ ಅಧಿನಿಯಮ, 2016ರ 29ನೆಯ ಪ್ರಕರಣವು ಆಧಾರ್ ಸಂಖ್ಯೆಯನ್ನು ಸಾರ್ವಜನಿಕವಾಗಿ ಪ್ರಕಟಿಸುವುದನ್ನು ನಿರ್ಬಂಧಿಸುತ್ತದೆ. ಪಂಚಾಯತಿಯ ಸೂಚನಾ ಫಲಕಕ್ಕೆ ಅಂಟಿಸುವ ಫಲಾನುಭವಿಗಳ ಪಟ್ಟಿಗೂ, ಸದಸ್ಯರ ವಾಟ್ಸಾಪ್ ಗುಂಪಿಗೆ ಹಾಕುವ ಅದರ ಚಿತ್ರಕ್ಕೂ ಇದು ಅನ್ವಯಿಸುತ್ತದೆ. ಪಾರದರ್ಶಕತೆಗೆ ಹೆಸರು, ಊರು, ಕಾಮಗಾರಿ, ಮೊತ್ತ ಸಾಕು.

ಒಂದು ಎಂಬುದರ ಬೆಲೆ

ಪರಿಮಾಣದಲ್ಲಿ ಕೊನೆಯ ಅಂಕಿಯ ತಪ್ಪು ಅಲ್ಪವೆಂದು ಆರಂಭದಲ್ಲಿ ಹೇಳಲಾಯಿತು. ಅದಕ್ಕೆ ಒಂದು ಅಪವಾದವಿದೆ, ಅದು ಸದಸ್ಯತ್ವಕ್ಕೇ ಸಂಬಂಧಿಸಿದ್ದು. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಪ್ರಕಾರ ಪ್ರತಿ 400 ಜನಸಂಖ್ಯೆಗೆ ಅಥವಾ ಅದರ ಭಾಗಕ್ಕೆ ಒಬ್ಬ ಸದಸ್ಯರು. ‘ಅಥವಾ ಅದರ ಭಾಗಕ್ಕೆ’ ಎಂಬ ಮಾತಿನಲ್ಲಿ ಗಣಿತವಿದೆ: ಶೇಷ ಎಷ್ಟೇ ಇರಲಿ, ಭಾಗಲಬ್ಧಕ್ಕೆ ಒಂದನ್ನು ಸೇರಿಸಬೇಕು. ಜನಸಂಖ್ಯೆ 6,800 ಆದರೆ 17 ಸ್ಥಾನ. 6,801 ಆದರೆ 18. ಎಣಿಕೆದಾರರು ಒಂದು ಮನೆಯ ಒಬ್ಬ ಅಜ್ಜಿಯನ್ನು ಬಿಟ್ಟರೆ ಒಂದು ಸ್ಥಾನವೇ ಇಲ್ಲವಾಗಬಹುದು.

ಅವಿಶ್ವಾಸ ನಿರ್ಣಯಕ್ಕೆ ಒಟ್ಟು ಸದಸ್ಯರ ಮೂರನೆಯ ಎರಡರಷ್ಟಕ್ಕೆ ಕಡಿಮೆಯಿಲ್ಲದ ಬಹುಮತ ಬೇಕು. 18ರ ಮೂರನೆಯ ಎರಡು ಭಾಗ 12. 17ರದು 11.33, ಮನುಷ್ಯರನ್ನು ಭಿನ್ನರಾಶಿಯಲ್ಲಿ ಎಣಿಸಲಾಗದು, 11 ಜನ ಸಾಲದು, ಆದುದರಿಂದ ಅಲ್ಲಿಯೂ 12. ಹೀಗೆ 17 ಸದಸ್ಯರಿರುವ ಪಂಚಾಯತಿಯಲ್ಲಿ ಅಧ್ಯಕ್ಷರ ಪರ ಆರು ಮಂದಿ ನಿಂತರೆ ನಿರ್ಣಯ ಬೀಳುತ್ತದೆ. 18 ಇರುವಲ್ಲಿ ಏಳು ಮಂದಿ ಬೇಕು. ಸದಸ್ಯ ಸಂಖ್ಯೆಯನ್ನು 3 ಭಾಗಿಸುತ್ತದೆಯೇ ಎಂಬ ಪ್ರಾಥಮಿಕ ಶಾಲೆಯ ಪ್ರಶ್ನೆಗೆ ಇಲ್ಲಿ ಅಧಿಕಾರವೇ ನೇತುಬಿದ್ದಿದೆ.

ಜನಸಂಖ್ಯೆ ಎಂಬ ಪದಕ್ಕೆ ಈ ಅಧಿನಿಯಮದಲ್ಲಿ ಅಂಕಿಅಂಶ ಪ್ರಕಟವಾಗಿರುವ ಕೊನೆಯ ಜನಗಣತಿಯ ಸಂಖ್ಯೆ ಎಂದೇ ಅರ್ಥ. ಮುಂದಿನ ಜನಗಣತಿಯ ಉಲ್ಲೇಖ ಸಮಯ 2027ರ ಮಾರ್ಚ್ 1ರ ಶೂನ್ಯ ಗಂಟೆ ಎಂದು ಕೇಂದ್ರ ಸರ್ಕಾರ ಅಧಿಸೂಚಿಸಿದೆ. ಅದರ ಅಂಕಿಅಂಶಗಳು ಪ್ರಕಟವಾಗುವವರೆಗೆ ಹಾವೇರಿ ಜಿಲ್ಲೆಯ ಲೆಕ್ಕಗಳೆಲ್ಲ 15,97,668ರ ಮೇಲೆಯೇ ನಿಂತಿರುತ್ತವೆ. ಪ್ರತಿ ಗ್ರಾಮ ಪಂಚಾಯತಿಯ ಸದಸ್ಯರು ತಮ್ಮ ಪಂಚಾಯತಿಯ 2011ರ ಜನಸಂಖ್ಯೆಯನ್ನು 400ರಿಂದ ಭಾಗಿಸಿ ಶೇಷವೆಷ್ಟೆಂದು ಈಗಲೇ ಬರೆದಿಟ್ಟುಕೊಳ್ಳಬಹುದು. ಶೇಷ 1ಕ್ಕೆ ಅಥವಾ 400ಕ್ಕೆ ಸಮೀಪವಿರುವ ಪಂಚಾಯತಿಗಳಲ್ಲಿ ಎಣಿಕೆದಾರರು ಬಂದಾಗ ತೋಟದ ಮನೆಗಳು, ಗುಳೆ ಹೋದ ಕುಟುಂಬಗಳು, ಊರಾಚೆಯ ಗುಡಿಸಲುಗಳು ಪಟ್ಟಿಯಲ್ಲಿ ಸೇರಿವೆಯೇ ಎಂದು ನೋಡುವ ಕೆಲಸ ಉಳಿದವುಗಳಿಗಿಂತ ಹೆಚ್ಚಿನದು.